ಬಿಸಿಲಿಗೆ ಹಾಕಿದ ಮೈ

ಮಲಕಪ್ಪನ ಸಿಟ್ಟು ದಾಂಡೇಲಿಯ ಕಾಗದ ಮಿಲ್ಲಿನ ಕಟ್ಟಿಗೆ ಯಾರ್ಡಿನಲ್ಲಿ ಎಲ್ಲರಿಗೂ ಪರಿಚಯ. ಹಿಂದೆ ಯಾರಿದ್ದಾರೆಂದು ನೋಡದೆ ಲಾರಿ ರಿವರ್ಸ್ ತೆಗೆದ ಡ್ರೈವರನನ್ನು ಕಾಲರು ಹಿಡಿದು ಕೆಳಗಿಳಿಸಿದವನು ಅವನು. ಮೇಸ್ತ್ರಿ ಒಂದು ಬೈದರೆ ತಿರುಗಿ ಎರಡು ಬೈಯುವವನು. ಇಂಥ ಮನುಷ್ಯ, ಕೊರಳಲ್ಲಿ ಸೀಟಿ ತೂಗಹಾಕಿಕೊಂಡ ಪಿ.ಟಿ. ಮಾಸ್ತರನೊಬ್ಬ ಎದುರಾದರೆ ಮಾತ್ರ ಬೆಕ್ಕಿನ ಮರಿಯಾಗುತ್ತಿದ್ದ. ತಲೆಗೆ ಸುತ್ತಿದ ಟವೆಲು ತನ್ನಷ್ಟಕ್ಕೆ ತಾನೇ ಬಿಚ್ಚಿ ಕೈಗೆ ಬರುತ್ತಿತ್ತು.

ಅದು ಸವದತ್ತಿ ಕಡೆಯ ಅವನ ಊರಿನ ಸಾಲಿಯಲ್ಲಿ ಹತ್ತಿಕೊಂಡ ಚಾಳಿ. ಅಲ್ಲಿಯ ಡ್ರಿಲ್ ಮಾಸ್ತರ ವರ್ಷಕ್ಕೊಮ್ಮೆ ಹುಡುಗರ ಅಂಗಿ ಕಳಚಿಸಿ ಬಿಸಿಲಿನಲ್ಲಿ ಸಾಲು ನಿಲ್ಲಿಸುತ್ತಿದ್ದ. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಾರಿಸಿ ನೋಡುವ ಹಾಗೆ ಬೆತ್ತದ ತುದಿಯಿಂದ ಒಬ್ಬೊಬ್ಬನ ಎದೆ ತಟ್ಟುತ್ತಿದ್ದ. "ಆಡಾಂವ" ಅಂದರೆ ಬಲಕ್ಕೆ, "ನೋಡಾಂವ" ಅಂದರೆ ಎಡಕ್ಕೆ. ಮಲಕಪ್ಪನ ಪಕ್ಕೆಲುಬು ಎಣಿಸುವಂತಿದ್ದವು. ಮಾಸ್ತರ ಬೆತ್ತ ಮುಟ್ಟಿಸುವ ಗೋಜಿಗೂ ಹೋಗಲಿಲ್ಲ. "ಇದು ನೋಡೂ ಪೈಕಿ, ಇದನ್ನೇನ ಕೇಳ್ತೀರಿ" ಎಂದು ಎಡಕ್ಕೆ ತಳ್ಳಿದ. ನೋಡುವವರ ಕೆಲಸ ಆಡುವವರ ಅಂಗಿ ಚಪ್ಪಲಿ ಕಾಯುವುದು, ಬಾವಿಯಿಂದ ನೀರು ತರುವುದು. ಏಳನೆಯ ಇಯತ್ತೆಗೆ ಸಾಲಿ ಬಿಡುವವರೆಗೂ ಮಲಕಪ್ಪ ಅಂಗಿಗಳನ್ನು ಕಾದ.

ಆಮೇಲೆ ದಾಂಡೇಲಿಗೆ ಬಂದ, ಕಟ್ಟಿಗೆ ಹೊರುವ ಕೆಲಸ ಹಿಡಿದ. ಇಬ್ಬರು ಹೊರುವ ನೀಲಗಿರಿ ದಿಮ್ಮಿಯನ್ನು ಒಬ್ಬನೇ ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದ. ಮೈ ಕಬ್ಬಿಣವಾಯಿತು. ಆದರೂ ಗಣಪತಿ ಹಬ್ಬದಲ್ಲಿ ಮಿಲ್ಲಿನ ಲೈನು ಮನೆಗಳವರು ಕಬಡ್ಡಿಗೆ ಕರೆದರೆ, "ನಾವು ಆಡವರಲ್ಲೋ ಮಾರಾಯಾ" ಎಂದು ಗೆರೆಯ ಹೊರಗೆ ಕುಕ್ಕರಗಾಲಲ್ಲಿ ಕೂತು ಎಲ್ಲರ ಅಂಗಿಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಅವನ ಸಿಟ್ಟಿಗೆ ಹೆದರಿ ಯಾರೂ ನಗುತ್ತಿರಲಿಲ್ಲ, ಯಾಕೆಂದು ಕೇಳುತ್ತಲೂ ಇರಲಿಲ್ಲ. ಅವನ ಮೈಯನ್ನು ಯಾರೋ ಎಂದೋ ಎಡಕ್ಕೆ ತಳ್ಳಿದ್ದು ಯಾರಿಗೆ ತಾನೇ ಗೊತ್ತು?

ಇಂಥವನ ಮಗಳು ಸಹನಾ. ಎಂಟನೆಯ ತರಗತಿಯಲ್ಲಿದ್ದಾಗ ಒಂದು ಮುಂಜಾನೆ ಸಾಲಿಯ ಗೇಟಿನಲ್ಲಿ ಪಿ.ಟಿ. ಮಾಸ್ತರ ಮಹಾಬಳೇಶ್ವರ, ಮಲಕಪ್ಪನ ಸೈಕಲ್ಲಿಗೆ ಅಡ್ಡ ಕೈ ಹಾಕಿ ನಿಲ್ಲಿಸಿದ.

"ಮಲಕಪ್ಪಾ, ನಿನ್ನ ಮಗಳ ಹೆಗಲ ನೋಡೀಯೇನು?"

"ಯಾಕ್ರಿ ಸರ್, ಏನರ ತಪ್ಪ ಮಾಡ್ಯಾಳೇನ್ರಿ?"

"ತಪ್ಪಲ್ಲೋ. ಆಡೂ ಮೈ ಅದು. ಕುಸ್ತೀಗೆ ಹಾಕು. ನನಗೆ ಬಿಡು."

ಯಾರ್ಡಿಗೆ ಹೋಗುವ ದಾರಿಯಲ್ಲಿ ಮಲಕಪ್ಪ ಸೈಕಲ್ ನಿಲ್ಲಿಸಿ, ಸೇತುವೆಯ ಕಟ್ಟೆಗೆ ಒರಗಿ ಅತ್ತ. ಯಾಕೆ ಅಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಅಂದಿನಿಂದ ಅವನು ಮಾಸ್ತರನ ಮನುಷ್ಯ. ಮಾಸ್ತರ ಹಾಲು ಕುಡಿಸು ಅಂದರೆ ಹಾಲು, ಮೊಟ್ಟೆ ಅಂದರೆ ಮೊಟ್ಟೆ, ಕುಳಗಿ ರಸ್ತೆಯಲ್ಲಿ ಓಡಿಸು ಅಂದರೆ ಮಗಳ ಹಿಂದೆ ತಾನೂ ಸೈಕಲ್ಲು ತುಳಿಯುತ್ತ ಹೋಗುವುದು.

ಮಾಸ್ತರ ಕೆಟ್ಟವನಲ್ಲ. ಕುಮಟಾ ಕಡೆಯಿಂದ ಬಂದು ಇಲ್ಲೇ ನೆಲೆಯಾದವನು. ರಜೆಯಲ್ಲೂ ಮಕ್ಕಳನ್ನು ಕರೆದುಕೊಂಡು ಹಳಿಯಾಳದ ಕುಸ್ತಿ ಮನೆಗೆ ಹೋಗುತ್ತಿದ್ದ, ತನ್ನ ಡಬ್ಬಿಯನ್ನು ಅವರ ಮುಂದೆ ಬಿಚ್ಚುತ್ತಿದ್ದ. ಆದರೆ ಅವನಿಗೆ ತನ್ನ ಕಣ್ಣಿನ ಮೇಲೆ ಬಲು ಭರವಸೆ. ಪ್ರಾರ್ಥನೆಗೆ ನಿಂತ ಮಕ್ಕಳನ್ನು ಒಂದು ಸುತ್ತು ನೋಡಿ, "ನೀ ಓಟ, ನೀ ಗುಂಡು, ನೀ ಕುಸ್ತಿ, ನೀ ಸುಮ್ನ ಲೆಕ್ಕ ಬರಿ" ಎಂದು ಬೆರಳು ಮಾಡಿಬಿಡುತ್ತಿದ್ದ. ಜಾತಿಗೊಂದು, ಊರಿಗೊಂದು ಮೈ ಅವನ ಲೆಕ್ಕದಲ್ಲಿ. ಜೋಯಿಡಾ ಕಾಡಿನವರಿಗೆ ಕಾಲು, ತಾಂಡಾದವರಿಗೆ ತೋಳು, ಮಿಲ್ಲಿನ ಲೈನಿನ ಮಕ್ಕಳಿಗೆ ಬರೀ ಹಟ. ಹೀಗೆ ಹೇಳಿದ್ದನ್ನು ಮಕ್ಕಳು ಮನೆಗೆ ಒಯ್ಯುತ್ತಿದ್ದರು, ಮನೆಯವರು ಓಣಿಗೆ. ಲೆಕ್ಕ ಬರೆಯಲು ಹೇಳಿಸಿಕೊಂಡ ಹುಡುಗ ಮುಂದೆ ಬಸ್ಸು ತಪ್ಪಿದರೂ ಓಡುತ್ತಿರಲಿಲ್ಲ.

ಸಹನಾ ಹೋದ ವರ್ಷ ನಲವತ್ತೊಂಬತ್ತು ಕಿಲೋ ವರ್ಗದಲ್ಲಿ ಆಡಿ, ಜಿಲ್ಲಾ ಮಟ್ಟದಲ್ಲಿ ಎರಡನೆಯವಳಾಗಿ ಬಂದಿದ್ದಳು. ಈ ವರ್ಷ ಗೆದ್ದರೆ ರಾಜ್ಯ ಮಟ್ಟ, ಅಲ್ಲಿಂದ ಕ್ರೀಡಾ ಹಾಸ್ಟೆಲಿನ ಸೀಟು. ಆದರೆ ಹುಡುಗಿ ಬೆಳೆದುಬಿಟ್ಟಳು. ಹೋದ ವರ್ಷದ ಲಂಗ ಮೊಳಕಾಲಿಗೆ ಬಂತು, ತೂಕ ಐವತ್ತೆರಡರ ಆಸುಪಾಸು.

"ಹಂಗಾರ ಮ್ಯಾಲಿನ ವರ್ಗಕ್ಕ ಹಾಕ್ರೆಲಾ ಸರ್" ಎಂದ ಮಲಕಪ್ಪ.

ಮಹಾಬಳೇಶ್ವರ ಮಾಸ್ತರ ತಲೆ ಅಲ್ಲಾಡಿಸಿದ. "ಐವತ್ಮೂರರಾಗ ಯಾರ ಅದಾರ ಗೊತ್ತೈತಿಲ್ಲೋ? ಮುಂಡಗೋಡ ತಾಂಡಾದ ದುರ್ಗಾ. ಹೋದ ವರ್ಷ ಹಳಿಯಾಳದ ಹುಡುಗೀನ ಎತ್ತಿ ಒಗದದ್ದು ನೋಡ್ಲಿಲ್ಲಾ? ಅವರ ಮೈ ಹುಟ್ಟಾ ಗಟ್ಟಿ. ಕಲ್ಲ ಹೊತ್ತ ಮೈ, ಕಬ್ಬ ಕಡದ ಮೈ. ನಮ್ಮ ಲೈನಿನ ಹುಡುಗಿ ಅದರ ಕೆಳಗ ಸಿಕ್ಕರ ಎಲುಬ ಉಳಿಯೂದಿಲ್ಲ. ಮತ್ತ ನಮ್ಮ ಸಾಲಿಯಿಂದ ಆ ಜಾಗಾಕ್ಕ ಇನ್ನೊಬ್ಬ ಹುಡುಗಿ, ಲಕ್ಷ್ಮೀ ಹೆಸರು ಕೊಟ್ಟಾಗೇತಿ. ಸೋತ್ರ ಲಕ್ಷ್ಮೀ ಸೋಲ್ಲಿ. ಸಹನಾ ಇಳೀಬೇಕು. ನಲವತ್ತೊಂಬತ್ತು, ಇಲ್ಲಾ ಮನಿ."

ಇಳಿಸುವುದು ಹೇಗೆ ಎಂದು ಮಾಸ್ತರ ಹೇಳುವ ಮೊದಲೇ ಮಲಕಪ್ಪನಿಗೆ ಹೊಳೆದಿತ್ತು. ಅಲ್ಲೇ ಅವನ ಕೇಡು.

ಯಾರ್ಡಿನಲ್ಲಿ ಅವನ ಕಣ್ಣ ಮುಂದೆ ದಿನಾ ನಡೆಯುವುದು ಅದೇ. ಹಸಿ ಕಟ್ಟಿಗೆ ತುಂಬಿದ ಲಾರಿ ಕಾಟಾದ ಮೇಲೆ ನಿಂತರೆ ಒಂದು ತೂಕ. ಅದೇ ಕಟ್ಟಿಗೆ ಬಿಸಿಲಿನಲ್ಲಿ ಬಿದ್ದು ಒಣಗಿದ ಮೇಲೆ ಇನ್ನೊಂದು ತೂಕ. ದಿಮ್ಮಿ ಸಣ್ಣದಾಗಿರುವುದಿಲ್ಲ, ಗಟ್ಟಿತನ ಹೋಗಿರುವುದಿಲ್ಲ. ಹೋದದ್ದು ಬರೀ ನೀರು. "ನೀರ ತಗದ್ರ ಸಾಕಲ್ರಿ ಸರ್. ಗಟ್ಟಿ ಇದ್ದದ್ದು ಇದ್ದಂಗ ಇರತೈತಿ" ಎಂದ. ಮಾಸ್ತರ ಅವನ ಬೆನ್ನು ತಟ್ಟಿದ. "ನನ್ನ ಕಾಲಕ್ಕ ನಾನೂ ಹಂಗ ಇಳಿಸೀನಿ. ನೀ ಓದಿದ್ರ ಕೋಚ್ ಆಗ್ತಿದ್ದಿ ನೋಡು." ಪಿ.ಟಿ. ಮಾಸ್ತರನೊಬ್ಬ ಬೆನ್ನು ತಟ್ಟಿದ್ದು ಜನ್ಮದಲ್ಲಿ ಅದೇ ಮೊದಲು.

ಲಾರಿಗೆ ಮುಚ್ಚುವ ಹಳೆಯ ತಾಡಪತ್ರಿಯ ಪ್ಲಾಸ್ಟಿಕ್ಕು ತಂದು, ಕತ್ತರಿಸಿ, ಗೋಣಿ ಹೊಲಿಯುವ ದಬ್ಬಣದಿಂದ ತಾನೇ ಒಂದು ಅಂಗಿ ಹೊಲಿದ. ಅದನ್ನು ಹಾಕಿಸಿ, ಮೇಲೆ ಸ್ವೆಟರು ಹಾಕಿಸಿ, ಕೋಗಿಲಬನದ ತನಕ ಓಡಿಸಿದ. ತಿರುಗಿ ಬಂದಮೇಲೆ ಮನೆಯ ಹಿಂದಿನ ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ನಡು ಮಧ್ಯಾಹ್ನ ಮಲಗಿಸಿ ಕಂಬಳಿ ಹೊದಿಸಿದ. ಸ್ವಲ್ಪ ಹೊತ್ತಿಗೆ, "ಮಗ್ಗಲಾ ಹೊರಳ ಅವ್ವಿ" ಅನ್ನುವನು. ಕಟ್ಟಿಗೆ ಒಂದೇ ಕಡೆ ಒಣಗಿದರೆ ಸೀಳು ಬಿಡುತ್ತದಲ್ಲ, ಅದಕ್ಕೆ.

ಹೆಂಡತಿ ಸುಶೀಲವ್ವ ಹಿತ್ತಲ ಬಾಗಿಲಲ್ಲಿ ನಿಂತು ಹೊಟ್ಟೆಯುರಿದುಕೊಂಡಳು. "ನನ್ನ ಮಗಳ್ನ ಏನ್ ಹಪ್ಪಳಾ ಮಾಡಾಕ ಹತ್ತೀರೇನು? ಹೊರಳಸಿ ಹೊರಳಸಿ ಒಣಗಸ್ತೀರಲ್ಲ! ಕಾಗಿ ಬಂದ್ರ ಹೇಳ್ರಿ, ಕೋಲ ತರ್ತೇನಿ."

"ಏ, ನೀ ಒಳಗ ನಡಿ. ನಿನಗೇನ ತಿಳೀತೈತಿ ಆಟದ್ದು?"

"ನಿಮಗ ಭಾಳ ತಿಳದೈತಿ ನೋಡ್ರಿ. ಮಂದಿ ಅಂಗಿ ಹಿಡ್ಕೊಂಡ ಕುಂದ್ರಾವ್ರಿಗೆ."

ಬೇರೆ ಯಾರಾದರೂ ಅಂದಿದ್ದರೆ ಮಲಕಪ್ಪ ಹಲ್ಲು ಉದುರಿಸುತ್ತಿದ್ದ. ಹೆಂಡತಿಯ ಮುಖವನ್ನೇ ನೋಡಿ, ಕಂಬಳಿಯ ಅಂಚು ಸರಿಮಾಡಿದ. ಕಂಬಳಿಯೊಳಗಿಂದ ಸಹನಾ, "ಅವ್ವಾ, ನೀ ಸುಮ್ನಿರ. ನಾನ ಹೇಳೀನಿ ಅಪ್ಪಗ" ಎಂದಳು. ಅದು ಸುಳ್ಳಲ್ಲ. ಎರಡು ಚಮಚೆ ಅನ್ನ ಕೊಟ್ಟರೆ ಒಂದೇ ತಿಂದು ತಾಟು ಸರಿಸುವವಳು ಅವಳೇ. ಬಾಯಿಯ ಎಂಜಲೂ ಒಂದು ಭಾರವೆಂದು ಹಳೆಯ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ಉಗುಳುತ್ತ ಕೂರುತ್ತಿದ್ದಳು. ಮೊದಮೊದಲು ಉಗುಳು ಬರುತ್ತಿತ್ತು. ಆಮೇಲೆ ಅದೂ ಬರಲಿಲ್ಲ.

ಜಿಲ್ಲಾ ಮಟ್ಟದ ಪಂದ್ಯ ಹಳಿಯಾಳದಲ್ಲಿ. ಅಪ್ಪ ಮಗಳು ಬೆಳಗಿನ ಬಸ್ಸಿಗೆ ಹೋದರು. ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ಮಲಕಪ್ಪ ಮಾತಾಡಿಸಿದರೆ ಹೂಂ ಅನ್ನುವುದಕ್ಕೂ ತುಟಿ ಬಿಚ್ಚಲಿಲ್ಲ. ಅವಳ ತುಟಿಯ ಮೇಲೆ ಬಿಳಿಯ ಸಿಪ್ಪೆ ಎದ್ದಿತ್ತು. ಮುಂದಿನ ಸೀಟಿನ ಮುದುಕಿ ಬಾಟಲಿ ಎತ್ತಿ ಗಟಗಟ ನೀರು ಕುಡಿದಾಗ ಹುಡುಗಿ ಅವಳ ಗಂಟಲನ್ನೇ ನೋಡಿದಳು. ಮಲಕಪ್ಪ ಅದನ್ನು ಕಂಡ. ಕಂಡು, ಕಿಟಕಿಯ ಆಚೆಗಿನ ತೇಗದ ಮರಗಳ ಕಡೆ ಮುಖ ತಿರುಗಿಸಿದ.

ಹುಡುಗಿಯರ ತೂಕ ನೋಡುವುದು ಮೈದಾನದ ಪಕ್ಕದ ಒಂದು ಕೋಣೆಯಲ್ಲಿ. ಗಂಡಸರು ಹೊರಗೆ. ಒಳಗೆ ಕಾಟಾದ ಬಳಿ ಕೂತವಳು ದ್ರಾಕ್ಷಾಯಣಿ ಟೀಚರ್. ತೂಕ ಬರೆದುಕೊಳ್ಳುವ ಹೊತ್ತಿಗೆ ಮುಂಚೆ ಯಾರು ಬೇಕಾದರೂ ಒಮ್ಮೆ ನಿಂತು ನೋಡಿಕೊಳ್ಳಬಹುದಿತ್ತು. ಸಹನಾ ಒಳಗೆ ಹೋಗಿ ಬಂದಳು. ಟೀಚರ್ ಬಾಗಿಲಿಗೆ ಬಂದು ಮಾಸ್ತರನಿಗೆ, "ಅರ್ಧಾ ಕಿಲೋ ಮ್ಯಾಲ ಐತಿ ನೋಡ್ರಿ" ಅಂದಳು.

"ಹೊತ್ತೈತಿ ಇನ್ನಾ" ಎಂದ ಮಾಸ್ತರ ಕೈಗಡಿಯಾರ ನೋಡಿ. "ಸಹನಾ, ಪ್ಲಾಸ್ಟಿಕ್ ಅಂಗಿ ಹಾಕು. ಮೈದಾನ ಸುತ್ತು ಹೊಡಿ. ಮಲಕಪ್ಪಾ, ನೀ ನೀರಿನ ಟಾಕಿ ಕಡೆ ಹೋಗಿ ನಿಂದ್ರು. ಜೀವ ಕೇಳೂದಿಲ್ಲ, ಒಂದೊಂದ ಸಲ ಹುಡುಗರು ಓಡೂ ನೆವದಾಗ ಹೋಗಿ ಕುಡದ ಬಿಡ್ತಾವು."

ಮಗಳು ನೀರು ಕದಿಯದಂತೆ ಕಾಯಲು ಮಲಕಪ್ಪ ಹೋದ.

ಟಾಕಿಯ ಹಿಂದಿನ ನೆರಳಿನಲ್ಲಿ ತಾಂಡಾದ ಹೆಂಗಸೊಬ್ಬಳು ತೆಳ್ಳನೆಯ ಹುಡುಗಿಯೊಬ್ಬಳ ಕೈಗೆ ಚೊಂಬಿನ ಮೇಲೆ ಚೊಂಬು ನೀರು ಕೊಡುತ್ತಿದ್ದಳು. ಪಕ್ಕದಲ್ಲಿ ಬಾಳೆಹಣ್ಣಿನ ಸಿಪ್ಪೆಗಳ ಗುಡ್ಡೆ. ಹುಡುಗಿ ಹೊಟ್ಟೆ ಹಿಡಿದುಕೊಂಡು, "ಯಾಡೀ, ಇನ್ನ ಹಿಡಿಯೂದಿಲ್ಲ. ಬಾಯಾಗ ಬಂದೈತಿ" ಎಂದು ಅಳುವ ದನಿ ತೆಗೆದಳು.

"ಕುಡಿ ಬಾಯಿ, ಇನ್ನೊಂದ. ಸರ್ ಬಯ್ತಾರ" ಅಂದಳು ತಾಯಿ. ಆಮೇಲೆ ಮಲಕಪ್ಪನನ್ನು ಕಂಡು ಸೆರಗು ಸರಿಮಾಡಿಕೊಂಡಳು. "ನೀರಿಗ ಬಂದ್ಯೇನು ಅಣ್ಣಾ? ತಡಿ, ನಮ್ಮ ಎಮ್ಮಿ ಕುಡದ ಮುಗಸ್ಲಿ."

"ಯಾಡೀ!" ಎಂದು ಹುಡುಗಿ ತಾಯಿಯ ತೋಳಿಗೆ ಗುದ್ದಿದಳು.

ಮಲಕಪ್ಪನಿಗೆ ನಗು ಬಂತು. "ಯಾಕವ್ವಾ, ಇಷ್ಟ ಯಾಕ ಕುಡಸ್ತಿ ಕೂಸಿಗೆ?"

"ತೂಕ ಬರವಲ್ದು ಅಣ್ಣಾ. ಐವತ್ಮೂರರಾಗ ಕುಸ್ತಿ ಐತಿ ಈಕೀದು. ಕಾಟಾದ ಮ್ಯಾಲ ನಿಂತ್ರ ನಲವತ್ತೆಂಟ ತೋರಸ್ತೈತಿ. ಇಷ್ಟ ಹಗೂರ ಇದ್ರ ಆ ವರ್ಗದಾಗ ತಗೋಳೂದಿಲ್ಲಂತ. ನಮ್ಮ ಸರ್ ಹೇಳ್ಯಾರ, ನೀವು ತಾಂಡಾದವರು, ದೊಡ್ಡ ವರ್ಗದಾಗ ಆಡವರು, ಹೆಂಗರ ಮಾಡಿ ಏರಸ್ರಿ ಅಂತ. ನಿನ್ನೆಯಿಂದ ಕುಡಸಾಕತ್ತೀನಿ."

ಮಲಕಪ್ಪನ ನಗು ನಿಂತಿತು. "ಏನ ಈಕಿ ಹೆಸರು?"

"ದುರ್ಗಾ. ನಾ ರೂಪಿಬಾಯಿ. ಈಕಿ ಅಪ್ಪ ಗೇಮಪ್ಪ ಅಕಾ ಅಲ್ಲಿ ಮಲಗ್ಯಾನ, ಬಸ್ಸಿನ ಗಾಳಿ ಹತ್ತೇತಿ ಅಂವಗ."

ಮಲಕಪ್ಪ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದ. ಎತ್ತಿ ಒಗೆಯುವ ದುರ್ಗಾ ಇವಳೇ? ಕೊರಳ ಎಲುಬು ಎದ್ದು ಕಾಣುತ್ತಿತ್ತು. ಚೊಂಬು ಹಿಡಿದ ಕೈ ಸಹನಾಳ ಕೈಗಿಂತ ಸಣ್ಣದು. ಈ ಹುಡುಗಿಯ ಹೆದರಿಕೆಗೆ ತನ್ನ ಮಗಳನ್ನು ಅವನು ಚಪ್ಪಡಿಯ ಮೇಲೆ ಹೊರಳಿಸಿದ್ದ. ಇತ್ತ ಈ ಕೂಸಿನ ಹೊಟ್ಟೆ ಒಡೆಯುವಂತೆ ನೀರು ತುಂಬಿಸುತ್ತಿದ್ದಾರೆ.

"ಹೋದ ವರ್ಷ ಹಳಿಯಾಳದ ಹುಡುಗೀನ ಎತ್ತಿ ಒಗದದ್ದು ನೀನ ಏನ?"

ದುರ್ಗಾ ನಾಚಿದಳು. "ಎತ್ತಿಲ್ರಿ ಕಾಕಾ. ಆಕೀನ ಮೈಮ್ಯಾಲ ಬಂದ್ಲು. ನಾ ಹೆದರಿ ಕೆಳಗ ಕುಂತೆ. ಆಕಿ ನನ್ನ ಮ್ಯಾಲಿಂದ ಹಾರಿ ಬಿದ್ಲು. ಮಂದಿ ಚಪ್ಪಾಳಿ ಹೊಡದ್ರು."

ಮಲಕಪ್ಪ ಅಲ್ಲಿಂದ ಓಡಿದ. ಮಾಸ್ತರ ಮೈದಾನದ ಅಂಚಿನಲ್ಲಿ ನಿಂತು ಸಹನಾಳ ಓಟಕ್ಕೆ ಚಪ್ಪಾಳೆಯ ತಾಳ ಹಾಕುತ್ತಿದ್ದ.

"ಸರ್, ಆ ದುರ್ಗಾ ನಮ್ಮ ಸಹನಾಗಿಂತ ಹಗೂರ ಅದಾಳ್ರಿ! ನೀರ ಕುಡದ ತೂಕ ಏರಸಾಕತ್ಯಾರ. ನಮ್ಮ ಹುಡುಗೀನ ಮ್ಯಾಲಿನ ವರ್ಗಕ್ಕ ಹಾಕ್ರಿ, ಕಾಲ ಬೀಳ್ತೇನಿ. ಲಕ್ಷ್ಮೀನ ಬದಲಿ ಮಾಡ್ರಿ."

"ಬದಲಿ ಮಾಡಾಕ ಬರೂದಿಲ್ಲ ಈಗ. ಹೆಸರು ಕೊಟ್ಟದ್ದು ಕೊಟ್ಟಂಗ." ಮಾಸ್ತರ ಅವನ ಕಡೆ ತಿರುಗಲೂ ಇಲ್ಲ. "ಮತ್ತ ತೂಕ ನೋಡಿ ಮೋಸ ಹೋಗಬ್ಯಾಡ ನೀ. ತಾಂಡಾದ ಮೈ ಅದು. ಒಳಗಿನ ಬಲ ಕಾಟಾದಾಗ ಕಾಣೂದಿಲ್ಲ."

"ನಾ ಕಣ್ಣಾರೆ ನೋಡಿ ಬಂದೇನ್ರಿ!"

"ನಾನೂ ನೋಡೀನಿ, ಇಪ್ಪತ್ತ ವರ್ಷದಿಂದ ನೋಡಾಕತ್ತೀನಿ. ನೀ ಒಂದ ಸಲ ನೋಡಿ ನನಗ ಹೇಳ್ತಿ?"

ಆ ಮಾತಿಗೆ ಮಲಕಪ್ಪನ ಕೈ ಹಳೆಯ ಚಾಳಿಯಂತೆ ತಲೆಯ ಟವೆಲಿಗೆ ಹೋಯಿತು. ಅಷ್ಟರಲ್ಲಿ ಸಹನಾ ಎದುರಿಗೆ ಹಾದುಹೋದಳು. ಮಲಕಪ್ಪ ಅವಳ ಮುಖ ನೋಡಿದ. ಇಷ್ಟು ಓಡಿದ ಮುಖದ ಮೇಲೆ ಬೆವರೇ ಇರಲಿಲ್ಲ. ಕೆಂಪಗೆ, ಒಣ ಒಣ, ಕೊಯ್ದಿಟ್ಟ ಕಟ್ಟಿಗೆಯ ಮೈಯಂತೆ. ಕಣ್ಣು ಎದುರಿಗಿದ್ದದ್ದನ್ನು ನೋಡುತ್ತಿರಲಿಲ್ಲ. ಪೂರ್ತಿ ಒಣಗಿದ ಕಟ್ಟಿಗೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಕೊಡಲಿಗೂ ಕಾಯುವುದಿಲ್ಲ, ನೆಲಕ್ಕೆ ಬಿದ್ದರೆ ಸಾಕು, ಚಟ್ ಅಂತ ಸೀಳುತ್ತದೆ.

ಸುತ್ತು ಮುಗಿಸಿ ಸಹನಾ ಮತ್ತೆ ತೂಕದ ಕೋಣೆಗೆ ಹೋದಳು. ಹೊರಗೆ ಬಂದ ದ್ರಾಕ್ಷಾಯಣಿ ಟೀಚರ್ ಈ ಸಲ ಕೂಗಲಿಲ್ಲ. ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. "ನೂರ ಗ್ರಾಂ ಅಷ್ಟ ಉಳದೈತಿ. ಆದ್ರ ಹುಡುಗಿ ನಡಗಾಕತ್ಯಾಳ್ರಿ ಸರ್. ಬಿಡ್ರಿ ಇನ್ನ."

"ನೂರ ಗ್ರಾಮಿಗೆ ಬಿಡೂದೇನ್ರಿ? ಕೂದಲಾ ಕತ್ತರಸೂಣು. ಮತ್ತೊಂದ ಸುತ್ತ ಓಡ್ಲಿ." ಮಾಸ್ತರ ಮಲಕಪ್ಪನಿಗೆ ಪ್ಲಾಸ್ಟಿಕ್ ಅಂಗಿ ಚಾಚಿದ. "ಹಾಕು. ನೀ ಹೇಳಿದ್ರ ಕೇಳ್ತಾಳ."

ಮಲಕಪ್ಪ ಅಂಗಿ ತಗೊಂಡ. ತಾನೇ ಹೊಲಿದದ್ದು. ಎಳೆದು ಎರಡು ಸೀಳು ಮಾಡಿ ನೆಲಕ್ಕೆ ಬಿಸಾಡಿದ.

"ಇಲ್ರಿ. ಓಡೂದಿಲ್ಲ ಆಕಿ."

"ಹುಚ್ಚ ಹಿಡದೈತೇನೋ ನಿನಗ? ವರ್ಷ ಹೊಕ್ಕೈತಿ, ಸೀಟ ಹೊಕ್ಕೈತಿ!"

"ಹೋಗ್ಲಿ."

ಮಲಕಪ್ಪ ಮಗಳ ಕೈ ಹಿಡಿದು ಟಾಕಿಯ ಕಡೆ ಎಳೆದ. ಹುಡುಗಿ ಮೊದಲು ಅರ್ಥವಾಗದೆ ನಾಲ್ಕು ಹೆಜ್ಜೆ ಬಂದಳು. ನಲ್ಲಿ ಕಂಡಿದ್ದೇ ಕಾಲು ಊರಿ ನಿಂತಳು.

"ಅಪ್ಪಾ, ಏನ ಮಾಡ್ತಿ? ಇನ್ನ ನೂರ ಗ್ರಾಂ. ಬಿಡು, ಓಡ್ತೇನಿ."

"ಕುಡಿ."

"ಒಲ್ಲೆ!"

"ಕುಡೀ ಅಂದ್ರ ಕುಡಿ!" ಅವನ ಕೂಗಿಗೆ ಟಾಕಿಯ ಬಳಿಯ ಮಂದಿ ತಿರುಗಿ ನೋಡಿದರು. ಅಲ್ಲಿದ್ದ ಚೊಂಬು ತುಂಬಿ ಮಗಳ ಬಾಯಿಗೆ ಹಿಡಿದ. ಸಹನಾ ಅದನ್ನು ಕೈಯಿಂದ ಬಡಿದಳು. ನೀರು ಅವನ ಎದೆಯ ಮೇಲೆ ಚೆಲ್ಲಿತು.

"ಒಣಗಸಿದಾಂವ ನೀನ! ಹೊದಿಸಿದಾಂವ ನೀನ! ಈಗ ನೂರ ಗ್ರಾಂ ಉಳದಾಗ ಅಡ್ಡ ಬರ್ತಿ? ನೀ ಅಂಗಿ ಕಾಯಾಂವ. ನನ್ನೂ ಅಂಗಿ ಕಾಯಾಕ ಹಚ್ಚಬೇಕಂತ ಮಾಡೀಯೇನು?"

ಗಂಟಲು ಒಣಗಿ ದನಿ ಹೊರಡುತ್ತಿರಲಿಲ್ಲ. ಆದರೂ ಒಂದೊಂದು ಮಾತೂ ಮಲಕಪ್ಪನಿಗೆ ಕೇಳಿಸಿತು. ಅವನ ಕೈ ಮೇಲೆದ್ದಿತು. ಯಾರ್ಡಿನಲ್ಲಾಗಿದ್ದರೆ ಆ ಕೈ ಇಳಿಯುವುದು ಕಪಾಳದ ಮೇಲೆ. ಎದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ನಲ್ಲಿಯನ್ನೇ ಹಿಡಿದುಕೊಂಡ. ಮತ್ತೆ ಚೊಂಬು ತುಂಬಿದ. ಮತ್ತೆ ಚಾಚಿದ.

"ಬೈ, ಎಷ್ಟ ಬೇಕಾದ್ರ ಬೈ. ಕುಡದ ಬೈ."

ಸಹನಾ ಅವನ ಪಕ್ಕದಿಂದ ನುಸುಳಿ ಮೈದಾನದ ಕಡೆ ಓಡಿದಳು. ಎಷ್ಟು ದೂರ ಓಡಿಯಾಳು? ಗೆರೆಯ ಹತ್ತಿರ ಮೀನಖಂಡ ಹಿಡಿಯಿತು. ಕಾಲು ಹಗ್ಗದಂತೆ ತಿರುಚಿಕೊಂಡು, ಕೂಗುವುದಕ್ಕೂ ಆಗದೆ ಮಣ್ಣಿಗೆ ಬಿದ್ದಳು. ಮಲಕಪ್ಪ ಹೋಗಿ ಮುಟ್ಟಿದರೆ ಮೈ ಸುಡುತ್ತಿತ್ತು, ಚರ್ಮ ಚಿವುಟಿದರೆ ಚಿವುಟಿದಲ್ಲೇ ನಿಲ್ಲುತ್ತಿತ್ತು. ಕಣ್ಣು ಮೇಲಕ್ಕೆ ಸರಿದಿದ್ದವು.

"ಸಹನಾ! ಏ ಅವ್ವೀ! ನೋಡಿಲ್ಲೆ!"

ಮೊದಲು ನೀರಿನ ಚೊಂಬು ತಂದವಳು ರೂಪಿಬಾಯಿ. ಕುಡಿಸಲು ಹೋಗದೆ ಸೆರಗು ಒದ್ದೆ ಮಾಡಿ ಹುಡುಗಿಯ ಎದೆ, ಕುತ್ತಿಗೆ ಒರೆಸಿದಳು. ಮಾಸ್ತರ ಬಂದು ನಿಂತ. ಅವನ ಮುಖ ಬೂದಿಯಾಗಿತ್ತು. "ಎಲ್ಲಾರೂ ಹಿಂಗ ಇಳಸ್ತಾರೋ... ನಾನೂ ಇಳಿಸೀನಿ..." ಎಂದು ಯಾರಿಗೋ ಹೇಳುತ್ತಿದ್ದ. ಮಲಕಪ್ಪ ಅವನ ಕಡೆ ನೋಡಲಿಲ್ಲ. ಮಗಳನ್ನು ದಿಮ್ಮಿಯಂತೆ ಹೆಗಲಿಗೆ ಹಾಕಿಕೊಳ್ಳಲು ಹೋಗಿ, ತಡೆದು, ಕೂಸಿನ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡ. ರಸ್ತೆಗೆ ಬಂದು ಎದುರಿಗೆ ಬಂದ ರಿಕ್ಷಾಕ್ಕೆ ಅಡ್ಡ ನಿಂತ.

"ಮಂದಿ ಅದಾರ್ರಿ ಒಳಗ..." ಎಂದ ಡ್ರೈವರ.

"ಇಳಸೋ ಅವರ್ನ!" ಎಂದು ಮಲಕಪ್ಪ ಗುಡುಗಿದ. ಒಳಗಿದ್ದವರು ತಾವೇ ಇಳಿದರು.

ಸರಕಾರಿ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಡಾಕ್ಟರ ಬಂದು ಕಣ್ಣು, ನಾಲಿಗೆ ನೋಡಿ, "ಇನ್ನೊಂದು ಸುತ್ತು ಓಡಿಸಿದ್ದರೆ ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ" ಎಂದರು. ಮಲಕಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತ. ಕೂರಲಿಲ್ಲ. ಬಾಟಲಿಯಿಂದ ಹನಿ ಇಳಿಯುವುದನ್ನೇ ನೋಡುತ್ತಿದ್ದ. ಅತ್ತ ಮೈದಾನದಲ್ಲಿ ತೂಕ ಮುಗಿಯಿತು, ಕುಸ್ತಿಗಳು ಆರಂಭವಾದವು. ಧ್ವನಿವರ್ಧಕದಲ್ಲಿ ಹೆಸರು ಕೂಗುವುದು ದವಾಖಾನೆಗೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಸಹನಾಳ ಮುಚ್ಚಿದ ಕಣ್ಣಿನ ರೆಪ್ಪೆ ಅಲುಗುತ್ತಿತ್ತು. ಎಚ್ಚರವಿದ್ದಾಳೆ, ಆದರೆ ಕಣ್ಣು ಬಿಡುತ್ತಿಲ್ಲ ಎಂದು ಅವನಿಗೆ ತಿಳಿಯಿತು.

"ಅವ್ವೀ" ಎಂದ.

ಅವಳು ಮುಖವನ್ನು ಗೋಡೆಯ ಕಡೆ ಹೊರಳಿಸಿದಳು.

ಹೊತ್ತು ಇಳಿಯುವಾಗ ದುರ್ಗಾ ಮತ್ತು ರೂಪಿಬಾಯಿ ಬಂದರು. ದುರ್ಗಾಳ ಮುಖ ಬಾಡಿತ್ತು, ಅಂಗಿಯ ಎದೆಯ ಮೇಲೆ ಕಲೆ. "ಸೋತ್ಯಾ?" ಎಂದು ಮಲಕಪ್ಪ ಕೇಳಿದ.

"ಆಡ್ಲೇ ಇಲ್ರಿ ಕಾಕಾ. ತೂಕಾ ಆತು, ಪಾಸ್ ಆದೆ. ಮ್ಯಾಟಿನ ಮ್ಯಾಲ ಆ ಲಕ್ಷ್ಮಿ ಹೊಟ್ಟಿ ಹಿಡದ ಒಂದ ಸಲ ಒತ್ತಿದ್ಲು ನೋಡ್ರಿ, ಕುಡದ ನೀರ ಬಾಳಿಹಣ್ಣ ಎಲ್ಲಾ ಆಕೀ ಮ್ಯಾಲನ ಹಾಕಿಬಿಟ್ಟೆ."

ಗೋಡೆಯ ಕಡೆ ಮುಖ ಮಾಡಿದ್ದ ಸಹನಾ ಹೊರಳಿದಳು. "ಲಕ್ಷ್ಮೀ ಮ್ಯಾಲ?"

"ಹೂಂ. ತಲೀಮ್ಯಾಲ."

ಸಹನಾಳ ಒಣ ತುಟಿ ನಗುವುದಕ್ಕೆ ಹೋಗಿ ಬಿರಿದು ರಕ್ತ ಬಂತು. ಅವಳು ಕೊಳವೆ ಇಲ್ಲದ ಕೈ ಚಾಚಿ ದುರ್ಗಾಳ ಮಣಿಕಟ್ಟು ಹಿಡಿದಳು. ಹೆಬ್ಬೆರಳು, ನಡುಬೆರಳು ಸುತ್ತಿ ಬಂದು ಕೂಡಿ, ಇನ್ನೂ ಜಾಗ ಉಳಿಯಿತು. ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಮತ್ತೆ ದುರ್ಗಾಳದನ್ನು ನೋಡಿದಳು.

"ನೀ ಇಷ್ಟ ಅದಿಯೇನ?"

"ಮತ್ತ ಎಷ್ಟ ಇರ್ಬೇಕಾಗಿತ್ತು?"

ಸಹನಾ ಕೈ ಬಿಡದೆ ಛಾವಣಿ ನೋಡಿದಳು. ಅವಳ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಮೈಯಲ್ಲಿ ಕಣ್ಣೀರಿಗಾಗುವಷ್ಟು ನೀರು ಮರಳಿದೆಯಲ್ಲ ಎಂದು ಮಲಕಪ್ಪನಿಗೆ ಸಮಾಧಾನವೂ ಆಯಿತು, ನೋಡಲಾಗಲೂ ಇಲ್ಲ.

"ದುರ್ಗಾ" ಎಂದಳು ಸಹನಾ. "ಅಲ್ಲಿ ನಿಂತಾನಲ್ಲ ನಮ್ಮಪ್ಪ, ಅವಗ ಹೇಳು, ನನಗ ಹಸಿವಾಗೇತಿ ಅಂತ."

ಮಲಕಪ್ಪ ನಿಂತದ್ದು ಮಂಚದಿಂದ ಎರಡು ಮಾರು ದೂರದಲ್ಲಿ. ದುರ್ಗಾ ಅವನನ್ನೂ ನೋಡಿದಳು, ಇವಳನ್ನೂ ನೋಡಿದಳು. ಆಮೇಲೆ ಗಂಭೀರವಾಗಿ ಹೇಳಿದಳು: "ಕಾಕಾ, ಈಕಿಗೆ ಹಸಿವಾಗೇತಂತ್ರಿ."

"ಏನ ತಿಂತಾಳಂತ ಕೇಳು."

"ಏನ ತಿಂತೀಯಂತ."

"ಏನರ ತರಲಿ. ಭಾಳ ತರಲಿ ಅಂತ ಹೇಳು. ಇನ್ನ ಮ್ಯಾಲ ನನ್ನ ತೂಕದ ಉಸಾಬರಿ ಅವಗ ಬ್ಯಾಡ ಅಂತನೂ ಹೇಳು."

ಮಲಕಪ್ಪ ಅದನ್ನು ದುರ್ಗಾಳ ಬಾಯಿಂದ ಇನ್ನೊಮ್ಮೆ ಕೇಳುವವರೆಗೆ ನಿಲ್ಲಲಿಲ್ಲ. ಕಾಲಿಗೆ ಚಪ್ಪಲಿ ಇವೆಯೋ ಇಲ್ಲವೋ ನೋಡದೆ ಮೆಟ್ಟಿಲಿಳಿದು ರಸ್ತೆ ದಾಟಿದ. ಎದುರಿಗಿನ ಖಾನಾವಳಿಯ ಹುಡುಗ ಮೇಜು ಒರೆಸುತ್ತ, "ಊಟ ತೀರೈತ್ರಿ, ಒಂದ ತಾಸ ಬಿಟ್ಟ ಬರ್ರಿ" ಅಂದ.

"ತಾಸ ಗೀಸ ಗೊತ್ತಿಲ್ಲ ನನಗ!" ಮಲಕಪ್ಪನ ಕೂಗಿಗೆ ಅಡಿಗೆ ಮನೆಯಿಂದ ಮಾಲಕಿ ಈರಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ನನ್ನ ಮಗಳು ಉಂಡ ಎಷ್ಟ ದಿನಾ ಆಗೇತಿ ಗೊತ್ತೈತೇನು? ಒಲಿ ಮ್ಯಾಲ ಏನ ಐತಿ ಅದನ್ನ ಹಾಕಿ ಕೊಡ್ರಿ!"

"ಅಯ್ಯ, ಯಾರಪ್ಪ ನೀನು? ಮಗಳನ್ನ ಉಪಾಸ ಕೆಡವಿದಾಕಿ ನಾನೇನು? ನನ್ನ ಮ್ಯಾಲ ಯಾಕ ಚೀರ್ತಿ?" ಎಂದಳು ಈರಕ್ಕ.

"ನೀವಲ್ರಿ" ಎಂದ ಮಲಕಪ್ಪ. ತನ್ನ ಎದೆ ಮುಟ್ಟಿಕೊಂಡು, "ನಾ" ಎಂದ.

ಈರಕ್ಕ ಅವನ ಬರಿಗಾಲು ನೋಡಿದಳು, ಎದೆಯ ಮೇಲೆ ಮಣ್ಣು ಮೆತ್ತಿದ ಅಂಗಿ ನೋಡಿದಳು. ಮತ್ತೇನೂ ಕೇಳದೆ ಒಳಗೆ ಹೋಗಿ, ಒಲೆಯ ಮೇಲಿದ್ದ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.